ಕೇಸು ತಂದವರಿಗೆಷ್ಟು, ನಡೆಸಿದವರಿಗೆಷ್ಟು? ವಕೀಲರ ಆಫೀಸಿನ ಪಾಲಿನ ಲೆಕ್ಕ

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಲ್ಲಿ ನಾವು ನಾಲ್ಕು ಜನ ವಕೀಲರು ಪಾಲುದಾರರಾಗಿ ಆಫೀಸು ನಡೆಸುತ್ತಿದ್ದೇವೆ. ಆಫೀಸು ಕಟ್ಟಿದವರು ನಮ್ಮ ಸೀನಿಯರ್, ಈಗ 63 ವರ್ಷ. ನಾನು ಧಾರವಾಡ ಹೈಕೋರ್ಟ್ ಪೀಠದ ಕೆಲಸ ನೋಡುತ್ತೇನೆ. ಮೂರನೆಯವರು ಹುಬ್ಬಳ್ಳಿ ಕೋರ್ಟಿನಲ್ಲಿ ಸಾಕ್ಷಿ, ಪಾಟೀಸವಾಲು, ವಾದ ಎಲ್ಲ ಮಾಡುತ್ತಾರೆ. ನಾಲ್ಕನೆಯ ಮೇಡಂ ಬ್ಯಾಂಕುಗಳ ಲೀಗಲ್ ಒಪಿನಿಯನ್, ಕರಾರು ಪತ್ರ ಮತ್ತು ಗದಗ, ಹಾವೇರಿ ಕೇಸುಗಳನ್ನು ನೋಡುತ್ತಾರೆ. 2013ರಲ್ಲಿ ಮಾಡಿದ ಪಾಲುದಾರಿಕೆ ಡೀಡ್ (ಕರಾರು ಪತ್ರ) ಪ್ರಕಾರ ನಮ್ಮ ಪಾಲು ಇದೇ ಕ್ರಮದಲ್ಲಿ 40, 25, 20, 15 ಪರ್ಸೆಂಟ್. ಹೋದ ವರ್ಷ ಕೈಗೆ ಬಂದ ಫೀ 90 ಲಕ್ಷ, ಖರ್ಚು 25 ಲಕ್ಷ 20 ಸಾವಿರ, ಉಳಿದದ್ದು 64 ಲಕ್ಷ 80 ಸಾವಿರ. ಆಫೀಸು ಸೀನಿಯರ್ ಅವರ ಸ್ವಂತ ಮನೆಯ ಕೆಳಗಿದೆ, ಬಾಡಿಗೆ ಕೊಡುತ್ತಿಲ್ಲ. ಅವರು ಹಾಕಿದ 10 ಲಕ್ಷ ಬಂಡವಾಳಕ್ಕೂ ಬಡ್ಡಿ ಇಲ್ಲ. ಈಗ ಮೂರನೆಯವರು 30 ಪರ್ಸೆಂಟ್ ಕೇಳುತ್ತಿದ್ದಾರೆ, ಇಲ್ಲದಿದ್ದರೆ ಬೇರೆ ಆಗುತ್ತೇನೆ ಅನ್ನುತ್ತಾರೆ. ‘ಪಾರ್ಟಿಗಳೆಲ್ಲ ನನ್ನ ಹೆಸರು ನೋಡಿ ಬಂದವರು’ ಅನ್ನುವುದು ಸೀನಿಯರ್ ಮಾತು. ಅವರ ಮಗ ಲಾ ಮುಗಿಸಿ ಆಫೀಸಿಗೆ ಬರುತ್ತಿದ್ದಾನೆ, ಅವನಿಗೂ 10 ಪರ್ಸೆಂಟ್ ಇಡಬೇಕಂತೆ. ಆಫೀಸು ಒಡೆಯದ ಹಾಗೆ ಇದನ್ನು ಬಗೆಹರಿಸುವುದು ಹೇಗೆ?

ಉತ್ತರ: ಮೊದಲು 40, 25, 20, 15 ಅನ್ನುವ ನಾಲ್ಕು ಅಂಕಿಗಳನ್ನು ಪಕ್ಕಕ್ಕಿಡಿ. ಮೂರನೆಯವರು 30 ಕೇಳಿದ್ದಾರೆ, ಸೀನಿಯರ್ ಆಗಲ್ಲ ಅಂದಿದ್ದಾರೆ. ನೀವು ನಡುವೆ ನಿಂತು 25ಕ್ಕೆ ಒಪ್ಪಿಸಬಹುದು. ಒಪ್ಪಿಸಿದರೂ ಎರಡು ವರ್ಷಕ್ಕೆ ಇದೇ ಜಗಳ ತಿರುಗಿ ಬರುತ್ತದೆ. ಯಾಕೆಂದರೆ ಆ ಪರ್ಸೆಂಟ್ ಯಾತಕ್ಕೆ ಕೊಡುತ್ತಿದ್ದೀರಿ ಅಂತ ನಾಲ್ವರಲ್ಲಿ ಒಬ್ಬರೂ ಬಿಡಿಸಿ ಹೇಳಲಾರಿರಿ. ಸೀನಿಯರ್ ಅವರ 40ರಲ್ಲಿ ಮನೆಯ ಬಾಡಿಗೆ ಎಷ್ಟು, ಬಂಡವಾಳದ ಬಡ್ಡಿ ಎಷ್ಟು, ಹಿರಿತನಕ್ಕೆ ಎಷ್ಟು, ತಂದ ಕೇಸಿಗೆ ಎಷ್ಟು, ಈಗ ಮಾಡುವ ಕೆಲಸಕ್ಕೆ ಎಷ್ಟು? ಎಲ್ಲ ಕಲಸಿಹೋಗಿದೆ.

ಹೊಲವನ್ನು ಪಾಲಿಗೆ ಹಾಕುವ ನಮ್ಮ ರೈತರು ಈ ವಿಷಯದಲ್ಲಿ ವಕೀಲರಿಗಿಂತ ಜಾಣರು. ಬೀಜ ಯಾರದು, ಗೊಬ್ಬರ ಯಾರದು, ಎತ್ತು ಯಾರದು, ಕಳೆ ತೆಗೆಸುವ ಕೂಲಿ ಯಾರ ಮೇಲೆ, ಎಲ್ಲ ಬಿತ್ತುವ ಮೊದಲೇ ಮಾತಾಗಿರುತ್ತದೆ. ರಾಶಿಯಾದ ಮೇಲೆ ಕಣದಲ್ಲಿ ಕೂತು ಯಾರೂ ಈ ಮಾತು ಶುರು ಮಾಡುವುದಿಲ್ಲ.

ನನ್ನ ಸಲಹೆಯ ತಿರುಳು ಇಷ್ಟು: ಕೇಸು ತಂದದ್ದಕ್ಕೆ ಕೊಡುವ ಪಾಲಿಗೆ ಒಂದು ಗಡುವು ಇರಲಿ. ಆಮೇಲಿನ ದುಡ್ಡು ಆ ಕೇಸನ್ನು ಹೊತ್ತು ನಡೆಸಿದವರಿಗೆ ಹೋಗಲಿ. ಸಿವಿಲ್ ದಾವೆ ಒಂದು ದಿನದ ಕೆಲಸ ಅಲ್ಲವಲ್ಲ. ದಾವೆ, ಅಪೀಲು, ಆಮೇಲೆ ತೀರ್ಪು ಜಾರಿ ಮಾಡಿಸುವ ದರಖಾಸ್ತು ಅಂತ ವರ್ಷಗಟ್ಟಲೆ ನಡೆಯುತ್ತದೆ. ಮೊದಲ ದಿನ ಪಾರ್ಟಿಗೆ ಚಹಾ ತರಿಸಿಕೊಟ್ಟವರಿಗೆ ಕೊನೆಯ ದಿನದವರೆಗೂ ದೊಡ್ಡ ಪಾಲು ಅಂದರೆ, ನಡುವೆ ನೂರು ತಾರೀಖು ನಿಂತವರು ಯಾಕೆ ಇರುತ್ತಾರೆ?

ಕಾನೂನು ಏನು ಹೇಳುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ, ಆದರೂ ಒಮ್ಮೆ ನೆನಪಿಸುತ್ತೇನೆ. 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಲಾಭ ನಷ್ಟ ಎರಡೂ ಎಲ್ಲರಿಗೂ ಸಮ. ದುಡಿದದ್ದಕ್ಕೆ ಪ್ರತ್ಯೇಕ ಸಂಬಳ ಇಲ್ಲ. ಬಂಡವಾಳಕ್ಕೆ ಬಡ್ಡಿ ಕೊಡುತ್ತೇವೆ ಅಂತ ಬರೆದುಕೊಂಡಿದ್ದರೂ ಅದು ಲಾಭದಲ್ಲಿ ಮಾತ್ರ. ಅಂದರೆ ನೀವು ಏನು ಬರೆದುಕೊಳ್ಳುತ್ತೀರೋ ಅದೇ ನಿಮ್ಮ ಕಾನೂನು. ಊರಿನವರಿಗೆಲ್ಲ ಕರಾರು ಪತ್ರ ಬರೆದುಕೊಡುವ ಆಫೀಸು ತನ್ನ ಡೀಡನ್ನು 2013ರಿಂದ ತೆರೆದು ನೋಡಿಲ್ಲ. ಇದು ನಿಮ್ಮೊಬ್ಬರ ಕತೆ ಅಲ್ಲ ಬಿಡಿ.

ಈಗ ಲೆಕ್ಕಕ್ಕೆ ಬರೋಣ. ಮೊದಲ ಕೆಲಸ, ಲಾಭ ಅಲ್ಲದ್ದನ್ನು ಲಾಭದಿಂದ ಹೊರಗೆ ತೆಗೆಯುವುದು. ಕೋರ್ಟಿಗೆ ಹತ್ತಿರ, ವಿದ್ಯಾನಗರದಲ್ಲಿ, ಅಷ್ಟು ಜಾಗಕ್ಕೆ ಇವತ್ತು ಬಾಡಿಗೆ ಎಷ್ಟು ಅಂತ ಇಬ್ಬರು ಏಜೆಂಟರನ್ನು ಕೇಳಿ. ತಿಂಗಳಿಗೆ 30 ಸಾವಿರ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 3 ಲಕ್ಷ 60 ಸಾವಿರ. 10 ಲಕ್ಷ ಬಂಡವಾಳಕ್ಕೆ 12 ಪರ್ಸೆಂಟ್ ಬಡ್ಡಿ, 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 80 ಸಾವಿರ. ಇದು ಸೀನಿಯರ್ ಅವರದು, ಹಂಚಿಕೆಯ ಮಾತಿಗೆ ಮೊದಲೇ ಅವರ ಕೈಗೆ ಹೋಗಬೇಕು. ಇಷ್ಟು ವರ್ಷ ಅವರಿಗೆ ಇದು ಪಾಲಿನ ಹೆಸರಿನಲ್ಲಿ ಸಿಗುತ್ತಿತ್ತು. ಅದಕ್ಕೇ ‘ನನ್ನ 40 ಮುಟ್ಟಬೇಡಿ’ ಅನ್ನುತ್ತಿದ್ದಾರೆ. ನಾಳೆ ಅವರು ರಿಟೈರ್ ಆದರೂ ಬಾಡಿಗೆ ನಿಲ್ಲುವುದಿಲ್ಲ ಅಂತ ಗೊತ್ತಾದರೆ ಅರ್ಧ ಬಿಗಿ ಅಲ್ಲೇ ಸಡಿಲವಾಗುತ್ತದೆ.

ಉಳಿದದ್ದು ಸರಿಯಾಗಿ 60 ಲಕ್ಷ. ಇದನ್ನು ಹಂಚುವುದು ಹೇಗೆ?

ಹೊರಗಿನವರು ಏನು ಮಾಡುತ್ತಾರೆ ಅಂತ ಚುಟುಕಾಗಿ ಹೇಳುತ್ತೇನೆ. ಲಂಡನ್ನಿನ ಸ್ಲಾಟರ್ ಅಂಡ್ ಮೇ ಥರದ ಆಫೀಸುಗಳು ಲಾಕ್‌ಸ್ಟೆಪ್ ಪದ್ಧತಿಗೆ ಹೆಸರುವಾಸಿ. ಪಾಲುದಾರರಾಗಿ ವರ್ಷ ಕಳೆದಂತೆ ಪಾಲು ಮೆಟ್ಟಿಲು ಹತ್ತುತ್ತದೆ, ಆ ವರ್ಷ ಯಾರು ಎಷ್ಟು ತಂದರು ಅಂತ ಕೇಳುವುದಿಲ್ಲ. ಇದಕ್ಕೆ ಉಲ್ಟಾ ಇರುವುದು, ತಂದವರಿಗೆ ತಂದಷ್ಟು ಅನ್ನುವ ಪದ್ಧತಿ. ಎರಡರ ನಡುವೆ ಬಾಸ್ಟನ್ನಿನ ಹೇಲ್ ಅಂಡ್ ಡೋರ್ ಆಫೀಸಿನ ಸೂತ್ರ, ಕಳೆದ ಶತಮಾನದ ನಡುವಿನದು. ಪಾರ್ಟಿಯನ್ನು ತಂದವರು, ಅವರನ್ನು ನೋಡಿಕೊಂಡವರು, ಕೆಲಸ ಮಾಡಿದವರು ಅಂತ ಒಂದೇ ಫೀಯನ್ನು ಮೂರು ಭಾಗ ಮಾಡುವುದು ಅದರ ಮೂಲ.

ನಿಮಗೆ ಬರೀ ಲಾಕ್‌ಸ್ಟೆಪ್ ನಡೆಯುವುದಿಲ್ಲ. ಎಲ್ಲರೂ ಒಂದೇ ಮಟ್ಟದಲ್ಲಿ ದುಡಿಯುತ್ತಾರೆ ಅನ್ನುವ ನಂಬಿಕೆ ಇದ್ದಲ್ಲಿ ಮಾತ್ರ ಅದು ನಿಲ್ಲುತ್ತದೆ, ನಿಮ್ಮಲ್ಲಿ ಆ ನಂಬಿಕೆಯೇ ಅಲುಗಾಡಿದೆ. ತಂದವರಿಗೆ ತಂದಷ್ಟು ಅನ್ನುವುದು ಇನ್ನೂ ಕೆಟ್ಟದ್ದು. ಅಮರಗೋಳ ಎಪಿಎಂಸಿಯ ವ್ಯಾಪಾರಿಯೊಬ್ಬರು ಗೋದಾಮಿನ ಲೀಸ್ ಕರಾರು ಮಾಡಿಸಲು ಬಂದರು ಅನ್ನಿ. ಅದನ್ನು ಬರೆಯುವುದರಲ್ಲಿ ಮೇಡಂ ಕೈ ಚೆನ್ನಾಗಿದೆ. ಆದರೆ ಅವರಿಗೆ ಕೊಟ್ಟರೆ ತನ್ನ ಲೆಕ್ಕ ಕಡಿಮೆಯಾಗುತ್ತದೆ ಅಂತ ಮೂರನೆಯವರು ತಾವೇ ಹೇಗೋ ಬರೆದು ಕಳಿಸುತ್ತಾರೆ. ನಾಲ್ಕು ವರ್ಷ ಕಳೆದು ಆ ಲೀಸಿನ ಮೇಲೇ ದಾವೆ ಬೀಳುತ್ತದೆ. ಒಂದೇ ಬೋರ್ಡಿನ ಕೆಳಗೆ ನಾಲ್ಕು ಬೇರೆ ಬೇರೆ ಆಫೀಸು ಇದ್ದ ಹಾಗೆ ಆಗುತ್ತದೆ.

ಇನ್ನೊಂದು ತಪ್ಪು ದಾರಿಯೂ ಇದೆ. ಬಿಟ್ಟುಹೋಗುತ್ತೇನೆ ಅಂದವರಿಗೆ ‘ಇಷ್ಟು ಕೊಟ್ಟೇ ಕೊಡುತ್ತೇವೆ’ ಅಂತ ಖಾತರಿ ಬರೆದುಕೊಡುವುದು. ನ್ಯೂಯಾರ್ಕಿನ ಡ್ಯೂಯಿ ಅಂಡ್ ಲೆಬೊಫ್ ಅನ್ನುವ ಭಾರಿ ಆಫೀಸು 2012ರಲ್ಲಿ ದಿವಾಳಿಯಾಗಿದ್ದಕ್ಕೆ ಇಂಥ ಖಾತರಿಗಳೂ ಒಂದು ಕಾರಣ. ಮೂರನೆಯವರಿಗೆ ಹೆದರಿ 30 ಅಂತ ಬರೆದರೆ ನೀವೂ ಅದನ್ನೇ ಮಾಡಿದ ಹಾಗೆ, ಸಣ್ಣ ಪ್ರಮಾಣದಲ್ಲಿ.

ನಾನು ಹೇಳುವುದು 60 ಲಕ್ಷವನ್ನು ಮೂರು ಗಂಟು ಮಾಡಿ ಅಂತ.

ಅರ್ಧ, ಅಂದರೆ 30 ಲಕ್ಷ, ತಿಂಗಳ ಸಂಬಳದ ಥರ. ಸೀನಿಯರ್‌ಗೆ ತಿಂಗಳಿಗೆ 75 ಸಾವಿರ, ನಿಮಗೆ 65, ಮೂರನೆಯವರಿಗೆ 60, ಮೇಡಂಗೆ 50 ಸಾವಿರ. ವರ್ಷಕ್ಕೆ 9 ಲಕ್ಷ, 7.8, 7.2 ಮತ್ತು 6 ಲಕ್ಷ ಆಗುತ್ತದೆ. ಇಲ್ಲಿ ಹಿರಿತನಕ್ಕೆ ಬೆಲೆ ಇದೆ, ಆದರೆ ಮೇಲಿನವರಿಗೂ ಕೆಳಗಿನವರಿಗೂ ಅಂತರ ಒಂದೂವರೆ ಪಟ್ಟು ಮೀರಿಲ್ಲ. ಮಕ್ಕಳ ಫೀಸು, ಮನೆ ಸಾಲದ ಕಂತು ಇದರಲ್ಲಿ ನಡೆಯಬೇಕು. ಇದರ ಬಗ್ಗೆ ಜಾಸ್ತಿ ಚರ್ಚೆ ಬೇಡ.

ಎರಡನೆಯ ಗಂಟು 21 ಲಕ್ಷ, ಕೇಸಿನ ಲೆಕ್ಕದ್ದು. ಸೂಕ್ಷ್ಮ ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ.

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಬರಬೇಕಾದ ಬಾಕಿ ವಸೂಲಿಯ ದಾವೆ ಅಂತ ಇಟ್ಟುಕೊಳ್ಳಿ. ಅವರು ಬಂದದ್ದು ಸೀನಿಯರ್ ಹೆಸರು ಕೇಳಿ. ಮೊದಲ ವರ್ಷ ಫೀ 1 ಲಕ್ಷ ಬಂತು. ಅದರಲ್ಲಿ ತಂದವರಿಗೆ 20 ಸಾವಿರ, ಪಾರ್ಟಿಯನ್ನು ನೋಡಿಕೊಳ್ಳುವವರಿಗೆ 25 ಸಾವಿರ, ಕೆಲಸ ಮಾಡಿದವರಿಗೆ 55 ಸಾವಿರ ಅಂತ ಅವರವರ ಹೆಸರಿಗೆ ಬರೆಯಿರಿ. ಇದು ಕೈಗೆ ಕೊಡುವ ದುಡ್ಡಲ್ಲ, ಬರೀ ಅಂಕ. ವರ್ಷದ ಕೊನೆಗೆ ಎಲ್ಲರ ಅಂಕ ಕೂಡಿಸಿ, ಅದೇ ಪ್ರಮಾಣದಲ್ಲಿ 21 ಲಕ್ಷ ಹಂಚುವುದು.

ಎರಡನೆಯ ವರ್ಷವೂ ಹಾಗೇ. ಮೂರನೆಯ ವರ್ಷ ತಂದವರ 20, 10ಕ್ಕೆ ಇಳಿಯುತ್ತದೆ. ನಾಲ್ಕನೆಯ ವರ್ಷದಿಂದ ಸೊನ್ನೆ. ಇಳಿದದ್ದು ಪಾರ್ಟಿಯನ್ನು ನೋಡಿಕೊಳ್ಳುವವರಿಗೆ ಸೇರುತ್ತದೆ, ಅವರದು 25 ಇದ್ದದ್ದು 45 ಆಗುತ್ತದೆ. ನೋಡಿಕೊಳ್ಳುವವರು ಯಾರು? ತಾರೀಖು ಏನಾಯಿತು ಅಂತ ಕೇಳಲು ಆ ವ್ಯಾಪಾರಿ ಯಾರಿಗೆ ಫೋನ್ ಮಾಡುತ್ತಾರೋ ಅವರು. ಫೀ ಬಾಕಿ ಕೇಳಿ ಪಡೆಯುವವರು, ಸಾಕ್ಷಿಯನ್ನು ಸಮಯಕ್ಕೆ ಕರೆಸುವವರು, ಕೇಸು ಬಿದ್ದ ದಿನ ಅದನ್ನು ಬಾಯಿಬಿಟ್ಟು ಹೇಳುವವರು. ನಾಲ್ಕನೆಯ ವರ್ಷವೂ ಸೀನಿಯರ್ ಅವರೇ ಆ ಫೋನ್ ಎತ್ತುತ್ತಿದ್ದರೆ 45 ಅವರಿಗೇ ಹೋಗಲಿ, ಯಾರ ತಕರಾರೂ ಇರಬಾರದು. ಅವರು ಎತ್ತುತ್ತಿಲ್ಲ, ಮೂರನೆಯವರು ಎತ್ತುತ್ತಿದ್ದಾರೆ ಅಂದರೆ ಪಾಲು ತಾನಾಗಿ ಆ ಕಡೆ ಹರಿಯುತ್ತದೆ. ಯಾರೂ ಯಾರನ್ನೂ ಬೇಡಬೇಕಾಗಿಲ್ಲ.

ಕೆಲಸದ 55ನ್ನು ಗಂಟೆ ಲೆಕ್ಕದಲ್ಲಿ ಒಡೆಯಲು ಹೋಗಬೇಡಿ. ಜಿಲ್ಲಾ ಕೋರ್ಟಿನ ವಕೀಲರು ಟೈಮ್‌ಶೀಟ್ ತುಂಬುವುದು ಸುಳ್ಳು. ಮಧ್ಯಾಹ್ನದವರೆಗೆ ಕೋರ್ಟ್ ಹಾಲಿನಲ್ಲಿ ಕಾದು ಮುಂದಿನ ತಾರೀಖು ಬರೆದುಕೊಂಡು ಬಂದದ್ದನ್ನು ಎಷ್ಟು ಗಂಟೆ ಅಂತ ಬರೆಯುತ್ತೀರಿ? ಹಂತದ ಲೆಕ್ಕ ಇಟ್ಟುಕೊಳ್ಳಿ. ಇಡೀ ಕೇಸಿನ ಫೀಗೆ ವಾದಪತ್ರ ಅಥವಾ ಕೈಫಿಯತ್ತಿಗೆ (ದಾವೆಗೆ ಎದುರಿನವರು ಕೊಡುವ ಲಿಖಿತ ಉತ್ತರ) 15, ಸಾಕ್ಷಿ ಮತ್ತು ಪಾಟೀಸವಾಲಿಗೆ 25, ವಾದಕ್ಕೆ 15. ದರಖಾಸ್ತನ್ನು ಬೇರೆ ಕೇಸು ಅಂತಲೇ ಹಿಡಿಯಿರಿ, ಅದರಲ್ಲಿ ಶ್ರಮ ಬೇರೆಯದೇ.

ಅಪೀಲಿನ ವಿಷಯ ನಿಮಗೇ ನೇರವಾಗಿ ತಗಲುವುದು. ಧಾರವಾಡ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ನಿಮ್ಮ ಡೀಡ್ ಕೂಡ ಅದೇ ವರ್ಷದ್ದು. ಹೈಕೋರ್ಟ್ ಕೆಲಸ ಎಷ್ಟು ಬೆಳೆಯುತ್ತದೆ ಅಂತ ಆಗ ಅಂದಾಜು ಇರಲಿಲ್ಲ, ನಿಮಗೆ 25 ಅಂತ ಬರೆದು ಮುಗಿಸಿರಬೇಕು. ಈಗ ಕೇಳುತ್ತೇನೆ, ಹುಬ್ಬಳ್ಳಿಯ ದಾವೆಯ ಮೇಲೆ ಧಾರವಾಡಕ್ಕೆ ಅಪೀಲು ಹೋದರೆ ಅದನ್ನು ತಂದವರು ಯಾರು? ಸೀನಿಯರ್ ‘ನಾನೇ’ ಅನ್ನುತ್ತಾರೆ. ನನ್ನ ಪ್ರಕಾರ ಕೆಳಗಿನ ಕೋರ್ಟಿನಲ್ಲಿ ಕೇಸು ನಡೆಸಿದವರು. ಪಾರ್ಟಿ ಬೇರೆ ವಕೀಲರ ಹತ್ತಿರ ಹೋಗದೆ ಇದೇ ಆಫೀಸಿನಲ್ಲಿ ಅಪೀಲು ಹಾಕಿಸಿದ್ದು ಅವರ ಕೆಲಸ ನೋಡಿ. ಆದ್ದರಿಂದ ಅಪೀಲಿನ ‘ತಂದ’ 20 ಮೂರನೆಯವರಿಗೆ ಅಥವಾ ಮೇಡಂಗೆ, ಕೆಲಸದ 55 ನಿಮಗೆ. ಈ ಒಂದು ಸಾಲು ಮೂರನೆಯವರ ಸಿಟ್ಟನ್ನು ಇಳಿಸುವಷ್ಟು ಬೇರೆ ಯಾವುದೂ ಇಳಿಸುವುದಿಲ್ಲ ಅಂತ ನನ್ನ ಎಣಿಕೆ.

ಎರಡು ಎಚ್ಚರಿಕೆ. ಅಂಕ ಕೊಡುವುದು ಕೈಗೆ ಬಂದ ಫೀಗೆ ಮಾತ್ರ, ಬರಬೇಕಾದ ಬಾಕಿಗೆ ಅಲ್ಲ. ಮತ್ತೆ, ಭೂಸ್ವಾಧೀನ ಇಲ್ಲವೇ ವಾಹನ ಅಪಘಾತದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಫೀ ಮಾತಾಡುವುದು, ವಕೀಲರ ವೃತ್ತಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಕ್ಕೆ ವಿರುದ್ಧ. ಹೊರಗೆ ಏನು ನಡೆಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ನೀವು ಅದರ ಮೇಲೆ ಪಾಲಿನ ಲೆಕ್ಕ ಕಟ್ಟಬೇಡಿ.

ಗದಗ, ಹಾವೇರಿಗೆ ಹೋಗಿಬರುವ ಖರ್ಚು ಮತ್ತು ದಿನದ ಭತ್ಯೆ ಆಫೀಸಿನ ಖರ್ಚಿನಲ್ಲಿ ಬರಲಿ. ಧಾರವಾಡಕ್ಕೆ 20 ಕಿಲೋಮೀಟರ್, ಮುಗಿಸಿಕೊಂಡು ಮಧ್ಯಾಹ್ನ ಬೇರೆ ಕೆಲಸ ಮಾಡಬಹುದು. ಹಾವೇರಿಯಲ್ಲಿ ಒಂದು ತಾರೀಖು ಅಂದರೆ ಇಡೀ ದಿನ ಹೋಯಿತು. ಮೇಡಂ ಲೆಕ್ಕ ಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ ಇರಬೇಕು. ಬ್ಯಾಂಕ್ ಒಪಿನಿಯನ್ ಕೂಡ ಹಾಗೇ, ಒಂದೊಂದು ಫೈಲಿಗೆ ಸಿಗುವುದು ಸಣ್ಣ ಮೊತ್ತ, ಆದರೆ ಕೋರ್ಟಿಗೆ ಬೇಸಿಗೆ ರಜೆ ಇದ್ದಾಗಲೂ ನಿಲ್ಲದೆ ಬರುವ ದುಡ್ಡು ಅದು. ಆ ಬ್ಯಾಂಕ್ ಪ್ಯಾನೆಲ್ (ಬ್ಯಾಂಕು ಕೆಲಸ ಕೊಡುವ ವಕೀಲರ ಪಟ್ಟಿ) ಸೀನಿಯರ್ ಒಬ್ಬರ ಹೆಸರಿನಲ್ಲಿದ್ದರೆ ಇವತ್ತೇ ಮೇಡಂ ಹೆಸರಿಗೂ ಅರ್ಜಿ ಹಾಕಿಸಿ.

ಇಷ್ಟಕ್ಕೆಲ್ಲ ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಎಕ್ಸೆಲ್ ಶೀಟ್ ಸಾಕು. ಪ್ರತಿ ಕೇಸಿಗೂ ಕೋರ್ಟು ಕೊಡುವ ಸಿಎನ್‌ಆರ್ ನಂಬರ್ ಇದ್ದೇ ಇದೆ, ಅದೇ ಮೊದಲ ಕಾಲಂ. ಆಮೇಲೆ ತಂದವರು, ಬಂದ ತಾರೀಖು, ನೋಡಿಕೊಳ್ಳುವವರು, ಯಾವ ಹಂತ ಯಾರು ಮಾಡಿದರು, ಬಂದ ಫೀ. ನಿಮ್ಮ ಹಳೆಯ ಗುಮಾಸ್ತರಿಗೆ ಇದರ ಅರ್ಧ ಬಾಯಿಪಾಠ ಇರುತ್ತದೆ. ಒಂದು ಷರತ್ತು: ಕೇಸು ಬಂದ ವಾರದಲ್ಲೇ ‘ತಂದವರು’ ಕಾಲಂ ತುಂಬಬೇಕು. ಮಾರ್ಚ್ ತಿಂಗಳಲ್ಲಿ ಕೂತು ನೆನಪು ಮಾಡಿಕೊಂಡು ತುಂಬಿದರೆ ಪ್ರತಿಯೊಬ್ಬರ ನೆನಪೂ ತಮ್ಮ ಕಡೆಗೇ ವಾಲುತ್ತದೆ.

ಮೂರನೆಯ ಗಂಟು 9 ಲಕ್ಷ. ಯಾವ ಕಾಲಮ್ಮಿನಲ್ಲೂ ಬರದ ಕೆಲಸಕ್ಕೆ. ಜೂನಿಯರ್‌ಗಳನ್ನು ತಯಾರು ಮಾಡಿದ್ದು, ಬಾಕಿ ವಸೂಲಿ ಮಾಡಿದ್ದು, ಯಾರೋ ಆಸ್ಪತ್ರೆ ಸೇರಿದಾಗ ಅವರ ಕೇಸು ಹೊತ್ತುಕೊಂಡದ್ದು, ಆಫೀಸಿನ ಲೆಕ್ಕಪತ್ರ ನೋಡಿದ್ದು. ಇದನ್ನು ಸೂತ್ರದಿಂದ ಅಳೆಯಲು ಆಗಲ್ಲ. ಪ್ರತಿಯೊಬ್ಬರೂ ವರ್ಷದಲ್ಲಿ ಏನು ಮಾಡಿದೆ ಅಂತ ಒಂದೇ ಪುಟ ಬರೆಯಲಿ. ಸೀನಿಯರ್ ಮತ್ತು ಸರದಿಯಂತೆ ಬರುವ ಇನ್ನೊಬ್ಬರು ಕೂತು ತೀರ್ಮಾನ ಮಾಡಲಿ. ಅವರಿಬ್ಬರ ಪಾಲನ್ನು ಉಳಿದ ಇಬ್ಬರು ಹೇಳಲಿ. ತಮ್ಮದನ್ನು ತಾವೇ ಯಾರೂ ನಿರ್ಧರಿಸಬಾರದು, ಅಷ್ಟೇ. ಅಮೆರಿಕದ ಜೋನ್ಸ್ ಡೇ ಆಫೀಸಿನಲ್ಲಿ ಒಬ್ಬರ ಪಾಲು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಇಡುತ್ತಾರಂತೆ. ನಾಲ್ಕು ಜನರ ಆಫೀಸಿನಲ್ಲಿ ಅದು ಸಾಯಂಕಾಲದವರೆಗೂ ಗುಟ್ಟಾಗಿ ಉಳಿಯುವುದಿಲ್ಲ. ಎಲ್ಲ ಮೇಜಿನ ಮೇಲೇ ಇರಲಿ.

ಈಗ ಅಂಕಿ. ನಿಮ್ಮ ರಿಜಿಸ್ಟರ್ ನನ್ನ ಮುಂದಿಲ್ಲ, ನೀವು ಹೇಳಿದ ಕೆಲಸದ ಹಂಚಿಕೆ ನೋಡಿ ಅಂದಾಜು ಮಾಡುತ್ತೇನೆ. 90 ಲಕ್ಷ ಫೀಯಲ್ಲಿ ಸೀನಿಯರ್ ಹೆಸರಿಗೆ 27, ನಿಮ್ಮದು 24, ಮೂರನೆಯವರದು 24, ಮೇಡಂದು 15 ಅಂತ ಬಂದರೆ, 21 ಲಕ್ಷದ ಗಂಟಿನಿಂದ ಕ್ರಮವಾಗಿ 6.3, 5.6, 5.6 ಮತ್ತು 3.5 ಲಕ್ಷ. ಕೊನೆಯ ಗಂಟಿನಲ್ಲಿ ಸೀನಿಯರ್‌ಗೆ ಮತ್ತು ನಿಮಗೆ ಎರಡೆರಡು ಲಕ್ಷ, ಉಳಿದಿಬ್ಬರಿಗೆ ಎರಡೂವರೆ. ಎಲ್ಲ ಕೂಡಿಸಿದರೆ ಸೀನಿಯರ್‌ಗೆ 17.3 ಲಕ್ಷ, ಜೊತೆಗೆ ಬಾಡಿಗೆ ಬಡ್ಡಿ ಸೇರಿ 22.1 ಲಕ್ಷ. ಈಗ ಅವರಿಗೆ ಸಿಗುತ್ತಿರುವುದು 25.92. ಮೂರನೆಯವರು 12.96ರಿಂದ 15.3ಕ್ಕೆ ಏರುತ್ತಾರೆ. ಮೇಡಂ 9.72ರಿಂದ 12ಕ್ಕೆ.

ನಿಮ್ಮದು? 16.2 ಇದ್ದದ್ದು 15.4 ಆಗುತ್ತದೆ. 80 ಸಾವಿರ ಕಡಿಮೆ.

ಇದನ್ನು ನೀವೇ ಮೊದಲು ಹೇಳಬೇಕು. ಪತ್ರ ಓದುವಾಗ ನನಗೆ ಎದ್ದು ಕಂಡದ್ದು ಒಂದು ವಿಷಯ. ನೀವು ಸೀನಿಯರ್ ಬಗ್ಗೆ ಬರೆದಿರಿ, ಮೂರನೆಯವರ ಬಗ್ಗೆ ಬರೆದಿರಿ. ನಿಮ್ಮ 25 ಸರಿಯೋ ಅಲ್ಲವೋ ಅಂತ ಬರೆಯಲಿಲ್ಲ. ನಡುವೆ ನಿಂತವರ ಕೈಯಿಂದಲೂ ಸ್ವಲ್ಪ ಹೋಗುತ್ತಿದೆ ಅಂತ ಕಂಡರೆ ಮಾತ್ರ ಸೀನಿಯರ್ ನಿಮ್ಮ ಮಾತು ಕೇಳುತ್ತಾರೆ. ಮೂರನೆಯವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ, ಅದು ಮುತ್ತಿಗೆ ಹಾಕಿದ ಹಾಗೆ ಕಾಣುತ್ತದೆ. ಒಬ್ಬರೇ ಹೋಗಿ. ‘ಸಾಹೇಬ್ರ, ಇಷ್ಟು ವರ್ಷ ನಿಮ್ಮ ಮನಿ ಬಾಡಿಗಿ ನಾವು ಕೊಟ್ಟಿಲ್ಲ, ಮೊದಲು ಅದನ್ನ ಸರಿ ಮಾಡೋಣ. ಹೊಸ ಲೆಕ್ಕದಾಗ ನಂದೂ ಕಡಿಮಿ ಆಗ್ತದ, ಇಲ್ಲಿ ನೋಡ್ರಿ’ ಅಂತ ಹಾಳೆ ಮುಂದಿಡಿ. ಅವತ್ತೇ ಉತ್ತರ ಕೇಳಬೇಡಿ.

ಇಳಿಕೆ ಒಂದೇ ಸಲಕ್ಕೆ ಬೇಡ. ಮೊದಲ ವರ್ಷ ಸೀನಿಯರ್ ಅವರದು ಅರ್ಧ ಮಾತ್ರ ಇಳಿಯಲಿ, 1 ಲಕ್ಷ 91 ಸಾವಿರ. ಉಳಿದದ್ದು ಮರುವರ್ಷ. ಅಷ್ಟರಮಟ್ಟಿಗೆ ಏರಿಕೆಯವರೂ ಕಾಯಬೇಕು. ಮೂರನೆಯವರು ಕೇಳಿದ್ದು 19 ಲಕ್ಷ 44 ಸಾವಿರ, ನೀವು ತೋರಿಸುತ್ತಿರುವುದು 15.3. ಅವರಿಗೆ ಮುಂದಿನ ಮೂರು ವರ್ಷದ ಲೆಕ್ಕವನ್ನೂ ಹಾಕಿ ತೋರಿಸಿ. ಹಳೆಯ ಕೇಸುಗಳ ‘ತಂದ’ ಅಂಕ ಕರಗುತ್ತಾ ಹೋದಂತೆ ಅವರ ಪಾಲು ಯಾರ ಹಂಗೂ ಇಲ್ಲದೆ ಏರುತ್ತದೆ. ಜಾರಿಗೆ ತರುವ ಮೊದಲು ಹಿಂದಿನ ಮೂರು ವರ್ಷದ ಲೆಕ್ಕವನ್ನು ಇದೇ ನಿಯಮದಲ್ಲಿ ಸುಮ್ನೆ ಕಾಗದದ ಮೇಲೆ ಹಾಕಿ ನೋಡಿ. 20, 25, 55 ಅನ್ನುವುದು ನನ್ನ ಅಳತೆ, ನಿಮಗೆ 15, 25, 60 ಸರಿ ಅನ್ನಿಸಬಹುದು. ಗಡುವನ್ನು ಮಾತ್ರ ಬಿಟ್ಟುಕೊಡಬೇಡಿ.

ತೆರಿಗೆ ವಿಷಯ ನಿಮ್ಮ ಸಿಎ ಜೊತೆ ಕೂತು ಮಾಡಿ, ಆದರೆ ಮುಖ್ಯವಾದದ್ದು ಇಲ್ಲಿದೆ. ಪಾಲುದಾರರ ಸಂಬಳ ಫರ್ಮಿನ ಖರ್ಚು ಅಂತ ಒಪ್ಪಬೇಕಾದರೆ ಅದು ಡೀಡ್‌ನಲ್ಲಿ ಇರಬೇಕು, ಎಷ್ಟು ಅಥವಾ ಯಾವ ಲೆಕ್ಕದಲ್ಲಿ ಅಂತ ಬರೆದಿರಬೇಕು, ಡೀಡ್‌ನ ತಾರೀಖಿಗಿಂತ ಹಿಂದಿನದಕ್ಕೆ ನಡೆಯುವುದಿಲ್ಲ. 2024-25ರ ಆರ್ಥಿಕ ವರ್ಷದಿಂದ ಇರುವ ಮಿತಿ ಹೀಗಿದೆ: ಪುಸ್ತಕ ಲಾಭದ (ಪಾಲುದಾರರ ಸಂಬಳ ಕಳೆಯುವ ಮೊದಲಿನ ಲಾಭ) ಮೊದಲ 6 ಲಕ್ಷಕ್ಕೆ 90 ಪರ್ಸೆಂಟ್ ಅಥವಾ 3 ಲಕ್ಷ, ಯಾವುದು ಜಾಸ್ತಿಯೋ ಅದು, ಉಳಿದದ್ದಕ್ಕೆ 60 ಪರ್ಸೆಂಟ್. ನಿಮ್ಮ 60 ಲಕ್ಷಕ್ಕೆ 37 ಲಕ್ಷ 80 ಸಾವಿರದವರೆಗೆ ಸಂಬಳ ಅಂತ ತೋರಿಸಬಹುದು. ಬಂಡವಾಳದ ಬಡ್ಡಿಗೆ 12 ಪರ್ಸೆಂಟ್ ಮಿತಿ. ಉಳಿದ 22 ಲಕ್ಷ 20 ಸಾವಿರಕ್ಕೆ ಫರ್ಮ್ 30 ಪರ್ಸೆಂಟ್ ತೆರಿಗೆ, ಅದರ ಮೇಲೆ 4 ಪರ್ಸೆಂಟ್ ಸೆಸ್ ಕಟ್ಟಬೇಕು, ಸುಮಾರು 6 ಲಕ್ಷ 93 ಸಾವಿರ. ಆಮೇಲೆ ನಿಮ್ಮ ಕೈಗೆ ಬರುವ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲ. ನಾನು ಮೇಲೆ ಕೊಟ್ಟ ಅಂಕಿಗಳೆಲ್ಲ ಈ ತೆರಿಗೆ ಕಳೆಯುವ ಮೊದಲಿನವು.

2025ರ ಏಪ್ರಿಲ್ 1ರಿಂದ ಇನ್ನೊಂದು ಸೇರಿದೆ. ಪಾಲುದಾರರಿಗೆ ಕೊಡುವ ಸಂಬಳ, ಬೋನಸ್, ಬಡ್ಡಿ ಸೇರಿ ವರ್ಷಕ್ಕೆ 20 ಸಾವಿರ ದಾಟಿದರೆ ಫರ್ಮ್ 10 ಪರ್ಸೆಂಟ್ ಟಿಡಿಎಸ್ ಹಿಡಿಯಬೇಕು. ಕೈಗೆ ಕೊಡದೆ ಬಂಡವಾಳ ಖಾತೆಗೆ ಜಮಾ ಮಾಡಿದರೂ ಅಷ್ಟೇ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಕಲಂ ನಂಬರುಗಳು ಬೇರೆ. ಹಾಗಾಗಿ ಡೀಡ್‌ನಲ್ಲಿ ಹಳೆಯ ಕಲಂ ನಂಬರ್ ನಕಲು ಹೊಡೆಯಬೇಡಿ. ಇನ್ನು, ಮೂರು ತಿಂಗಳ ಖರ್ಚು, 6 ಲಕ್ಷ 30 ಸಾವಿರ, ಬೇರೆ ಖಾತೆಯಲ್ಲಿ ಇರಲಿ. ಬೇಸಿಗೆ ರಜೆಯಲ್ಲಿ ಫೀ ಬರುವುದು ನಿಧಾನ, ಗುಮಾಸ್ತರ ಸಂಬಳ ನಿಧಾನ ಆಗಬಾರದು.

ಮಗನ ವಿಷಯ. ಈಗಲೇ 10 ಪರ್ಸೆಂಟ್ ಖಂಡಿತ ಬೇಡ. ಇದರಲ್ಲಿ ಹುಡುಗನ ತಪ್ಪೇನಿಲ್ಲ. ಆದರೆ ಅದೇ ವರ್ಷ ಸೇರಿದ ಬೇರೆ ಜೂನಿಯರ್‌ಗಳು ನೋಡುತ್ತಿರುತ್ತಾರಲ್ಲ. 2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕೊಡಿ ಅಂತ ಶಿಫಾರಸು ಮಾಡಿದೆ. ಅವನಿಗೂ ಉಳಿದವರಿಗೂ ಅದೇ ಕೊಡಿ. ಪಾಲುದಾರ ಆಗುವುದು ಯಾವಾಗ, ಏನೇನು ಮಾಡಿರಬೇಕು ಅಂತ ಎಲ್ಲ ಜೂನಿಯರ್‌ಗೂ ಒಂದೇ ನಿಯಮ ಬರೆಯಿರಿ. ಅಪ್ಪ ತಮ್ಮ ಪಾಲಿನಿಂದ ಮಗನಿಗೆ ಏನು ಕೊಟ್ಟರೂ ಅದು ಅವರ ಮನೆಯ ವಿಷಯ. ವಕೀಲರಲ್ಲದ ಮನೆಯವರನ್ನು ಮಾತ್ರ ಡೀಡ್‌ಗೆ ಸೇರಿಸಬೇಡಿ, ವಕೀಲರು ವಕೀಲರಲ್ಲದವರ ಜೊತೆ ಫೀ ಹಂಚಿಕೊಳ್ಳುವ ಪಾಲುದಾರಿಕೆಗೆ ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ.

ಮಗನಿಗೆ ಪಾಲು ಕೇಳುವುದರ ಹಿಂದೆ ಇನ್ನೊಂದು ಮಾತು ಇರಬಹುದು. ತಾನು ನಿಂತುಹೋದ ಮೇಲೆ ಏನು ಅನ್ನುವ ಚಿಂತೆ ಸೀನಿಯರ್ ಅವರಿಗಿದೆ. ಅದನ್ನು ಯಾರೂ ಬಾಯಿಬಿಟ್ಟು ಮಾತಾಡಿಲ್ಲ. ಹಳೆಯ ಪಾರ್ಟಿಗಳನ್ನು ಒಬ್ಬೊಬ್ಬರಾಗಿ ಮೂರನೆಯವರಿಗೋ ಮೇಡಂಗೋ ಪರಿಚಯ ಮಾಡಿಸಿ ಒಪ್ಪಿಸಿದರೆ, ಆ ಪಾರ್ಟಿಗಳ ಫೀಯಲ್ಲಿ ಎರಡು ವರ್ಷ 10 ಅಂಕ ‘ಒಪ್ಪಿಸಿದ್ದಕ್ಕೆ’ ಅಂತ ಅವರಿಗೇ ಇಡಿ. ಇದನ್ನು ನೋಡಿಕೊಳ್ಳುವವರ ಭಾಗದಿಂದ ತೆಗೆಯಬಹುದು. ಇಲ್ಲದಿದ್ದರೆ ಅವರು ಯಾಕೆ ಒಪ್ಪಿಸುತ್ತಾರೆ? ನಿವೃತ್ತಿಯ ವಯಸ್ಸು, ಬಂಡವಾಳ ಎಷ್ಟು ಕಂತಿನಲ್ಲಿ ವಾಪಸು, ಇವನ್ನೂ ಬರೆಯಿರಿ. ಲೆಕ್ಕ ಚುಕ್ತಾ ಮಾಡದೆ ಉಳಿದವರು ಕೆಲಸ ಮುಂದುವರಿಸಿದರೆ, ಹೊರಹೋದವರು ತಮ್ಮ ಆಸ್ತಿಯ ಭಾಗದಿಂದ ಬಂದ ಲಾಭವನ್ನೋ 6 ಪರ್ಸೆಂಟ್ ಬಡ್ಡಿಯನ್ನೋ ಕೇಳಬಹುದು ಅನ್ನುತ್ತದೆ ಪಾಲುದಾರಿಕೆ ಕಾಯ್ದೆಯ 37ನೇ ಕಲಂ. ಮತ್ತೆ, ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರರು ತೀರಿಕೊಂಡರೂ ಫರ್ಮ್ ವಿಸರ್ಜನೆ ಆಗುತ್ತದೆ. ಉಳಿದವರು ಮುಂದುವರಿಸಬಹುದು ಅನ್ನುವ ಒಂದು ಸಾಲು ನಿಮ್ಮ 2013ರ ಡೀಡ್‌ನಲ್ಲಿ ಇದೆಯಾ, ಇವತ್ತೇ ತೆಗೆದು ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಮೂರನೆಯವರು ಹೋಗುತ್ತೇನೆ ಅನ್ನಬಹುದು. ಹುಬ್ಬಳ್ಳಿಯಲ್ಲಿ ಪ್ರ್ಯಾಕ್ಟೀಸ್ ಮಾಡಬೇಡಿ ಅಂತ ಬರೆಸಿಕೊಳ್ಳುವ ಹಟ ಬೇಡ. ಅವರು ಬೆಳಿಗ್ಗೆ ಎದ್ದರೆ ಅದೇ ಕೋರ್ಟಿನಲ್ಲಿ ಎದುರಾಗುವವರು. ವಕಾಲತ್ತು ಯಾರಿಗೆ ಕೊಡಬೇಕು ಅನ್ನುವುದು ಪಾರ್ಟಿಗೆ ಬಿಟ್ಟದ್ದು, ಯಾವ ಡೀಡ್ ಬರೆದರೂ ಅದನ್ನು ಕಟ್ಟಿಹಾಕಲು ಆಗುವುದಿಲ್ಲ. ಬರೆಯಬೇಕಾದದ್ದು ಬೇರೆ. ಹೊರಹೋಗುವ ದಿನದವರೆಗೆ ಮಾಡಿದ ಕೆಲಸದ ಬಾಕಿ ಫೀ ಆಮೇಲೆ ಒಂದು ವರ್ಷದ ಒಳಗೆ ಬಂದರೆ ಅದೇ ರಿಜಿಸ್ಟರ್ ಪ್ರಕಾರ ಅವರಿಗೂ ಅಂಕ. ಫೈಲು ಅವರ ಜೊತೆ ಹೋದರೆ ಅಲ್ಲಿಯವರೆಗಿನ ಟೈಪಿಂಗ್, ಕೋರ್ಟ್ ಫೀ ಖರ್ಚು ಆಫೀಸಿಗೆ ವಾಪಸು. ಕೇಸಿನ ಪಟ್ಟಿಯನ್ನು ಗುಮಾಸ್ತರ ಎದುರು ಇಬ್ಬರೂ ಓದಿ ಸಹಿ ಹಾಕಲಿ. ಮೂರು ತಿಂಗಳ ನೋಟಿಸ್ ಇರಲಿ, ಆ ಮೂರು ತಿಂಗಳೂ ತಿಂಗಳ ಸಂಬಳ ಪೂರ್ತಿ ಕೊಡಿ.